ಮೂಟೆ ಮತ್ತು ಕಬ್ಬಿಣ

ಆರು ವರ್ಷದ ಮೇಲೆ ಮತ್ತೆ ಕಬ್ಬಿಣ ಮುಟ್ಟಿದ್ದೇನೆ. ಈಗ ಸಕ್ಕರೆ ಕಾಯಿಲೆಯೂ ಇದೆ, ಬಿ.ಪಿ.ಯೂ ಇದೆ. ಒಂದು ಕಾಲಕ್ಕೆ ನೆಲದಿಂದ 180 ಕೆಜಿ ಎತ್ತಿದವನು ಬರೀ 20 ಕೆಜಿಯ ಸರಳು ಹಿಡಿದು ನಿಂತರೆ ಹುಡುಗರು ನಗ್ತಾರೆ. ನಗಲಿ ಬಿಡಿ.

ಪವರ್‌ಲಿಫ್ಟಿಂಗ್‌ನಲ್ಲಿ ಇರೋದು ಮೂರೇ ಬಗೆ: ಹೆಗಲ ಮೇಲೆ ಹೊತ್ತು ಕುಕ್ಕರಿಸಿ ಏಳೋದು, ಮಲಗಿ ಎದೆಯಿಂದ ಮೇಲಕ್ಕೆ ತಳ್ಳೋದು, ನೆಲದಿಂದ ಎತ್ತೋದು. ಭಾರ ಹೆಚ್ಚಿದಾಗ ಉಸಿರು ಬಿಗಿಹಿಡಿಯಬೇಕು; ಬೆನ್ನಿಗೆ ಅದೇ ಆಸರೆ. ಆದರೆ ಆ ಗಳಿಗೆಯಲ್ಲೇ ಬಿ.ಪಿ. ಜಿಗಿಯುತ್ತದೆ. ಅದಕ್ಕೇ ಡಾಕ್ಟರು, 'ಹಗುರವಾದ್ದು ಎತ್ತಿ, ಉಸಿರು ಬಿಡ್ತಾ ಎತ್ತಿ' ಅಂದರು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳಕೊಳ್ಳುತ್ತೆ, ಪೂರಾ ಬಿಡಬೇಡಿ ಅಂತಲೂ ಹೇಳಿದರು. ಒಮ್ಮೊಮ್ಮೆ ಸಕ್ಕರೆ ತೀರಾ ಇಳಿದು ಕೈ ನಡುಗುತ್ತೆ. ಜೇಬಲ್ಲಿ ಬೆಲ್ಲದ ಚೂರು ಇಟ್ಟಿರ್ತೀನಿ.

ನಮ್ಮಪ್ಪ ರೈಸ್‌ಮಿಲ್ಲಿನಲ್ಲಿ ಹಮಾಲಿ. 75 ಕೆಜಿ ಭತ್ತದ ಮೂಟೆ ಹೊತ್ತು, ಹಲಗೆ ಹತ್ತಿ ಲಾರಿ ತುಂಬೋನು. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಿದ್ದರೆ ಬೇಗನೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಆ ಕಾಗದ ನಮ್ಮೂರ ಮಿಲ್ಲಿಗೆ ಬರಲಿಲ್ಲ. ಅಪ್ಪನ ಬಿ.ಪಿ. ನೋಡಿದೋರು ಯಾರು? 'ತಲೆ ಸುತ್ತುತ್ತೆ ಕಣೇ' ಅಂತ ಅವ್ವನಿಗೆ ಹೇಳಿ, ತಲೆಗೆ ಟವಲ್ಲು ಬಿಗಿದು ಹೊರಟುಬಿಡೋನು. ಬೆಳಿಗ್ಗೆ ಬಿ.ಪಿ. ಏರಿದ್ದರೆ ನಾನು ಅವತ್ತು ಸರಳು ಮುಟ್ಟೋದಿಲ್ಲ. ಅಪ್ಪ ಹಾಗೆ ಕೂತಿದ್ದರೆ ಸಂಜೆ ಒಲೆ ಹತ್ತುತ್ತಿರಲಿಲ್ಲ.

ಮೊನ್ನೆ 60 ಕೆಜಿ ಎತ್ತಿದೆ, ಉಸಿರು ಬಿಡುತ್ತಾ. ಅಪ್ಪನ ಮೂಟೆಗೆ ಇನ್ನೂ 15 ಬೇಕು.