ಪರದೇಶದಲ್ಲಿ ಮನೆಮಾತು

ಪರರ ಮಕ್ಕಳಿಗೆ ಹೊಸದೊಂದು ಭಾಷೆಯನ್ನು ಕಲಿಸಲು ಹೊರಟವರ ಮನೆಯಲ್ಲಿ, ಅವರ ಸ್ವಂತ ಮಕ್ಕಳ ಭಾಷೆ ಏನಾಗುತ್ತದೆ ಎಂದು ನೀವು ಯೋಚಿಸಿದ್ದುಂಟೇ? ಹೊಟ್ಟೆಪಾಡಿಗಾಗಿ ಊರು ಬಿಡುವ ಕುಟುಂಬಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆ ಅನೇಕರದು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯವರಾದ ನಾವು ಜಪಾನಿನ ಶಿಮಾನೆ ಪ್ರಾಂತದ ಒಂದು ಹಳ್ಳಿಯಲ್ಲಿ ಕೆಲವು ವರ್ಷ ಸಂಸಾರ ಹೂಡಿದ್ದೆವು. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಜಪಾನೀ ಶಿಕ್ಷಕರ ಜೊತೆ ನಿಂತು ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. 1987ರಲ್ಲಿ ಜಪಾನ್ ಸರ್ಕಾರ 'ಜೆಟ್' ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಗಾಡಿನ ಶಾಲೆಗಳಿಗೂ ಹೊರದೇಶದ ಸಹಾಯಕ ಶಿಕ್ಷಕರು ಬರುವುದು ರೂಢಿಯಾಯಿತು. 2020ರಿಂದ ಐದು ಮತ್ತು ಆರನೆಯ ತರಗತಿಗಳಿಗೆ ಇಂಗ್ಲಿಷ್ ಒಂದು ಪಠ್ಯವಿಷಯವೇ ಆಗಿದೆ.

ಅಲ್ಲಿನ ಮಕ್ಕಳು ಗುಂಪುಗೂಡಿ ನಡೆದೇ ಶಾಲೆಗೆ ಬರುತ್ತಾರೆ. ಮಧ್ಯಾಹ್ನ ಬಿಳಿಯ ಟೊಪ್ಪಿಗೆ ಧರಿಸಿ ತಾವೇ ಊಟ ಬಡಿಸುತ್ತಾರೆ. ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ. ನಮ್ಮ ಆರು ವರ್ಷದ ಮಗಳು ಅವರಲ್ಲೊಬ್ಬಳಾಗಿ ಬೇಗನೆ ಬೆರೆತಳು. ಸಂತೋಷವೇ. ಆದರೆ ಅಲ್ಲಿ ರಾತ್ರಿ ಎಂಟಾದಾಗ ಬಾಗಳಿಯಲ್ಲಿ ಸಂಜೆ ನಾಲ್ಕೂವರೆ. ಆ ಹೊತ್ತಿಗೆ ಫೋನಿಗಾಗಿ ಕಾದು ಕುಳಿತಿರುತ್ತಿದ್ದ ನಮ್ಮವ್ವನಿಗೆ ಮೊಮ್ಮಗಳ ಮಾತು ದಿನೇ ದಿನೇ ಅರ್ಥವಾಗದಾಯಿತು. "ಏನಂತೈತೆ ಕೂಸು?" ಎಂದು ಆಕೆ ನನ್ನನ್ನು ಕೇಳುವಾಗ ಎದೆ ಭಾರವಾಗುತ್ತಿತ್ತು. ಅಜ್ಜಿ ಮತ್ತು ಮೊಮ್ಮಗಳ ನಡುವೆ ದುಭಾಷಿಯೊಬ್ಬರು ಬೇಕಾಗುವುದು ಸಣ್ಣ ನಷ್ಟವಲ್ಲ.

ಇದಕ್ಕೆ ಪರಿಹಾರ ಅನಿರೀಕ್ಷಿತ ಕಡೆಯಿಂದ ಬಂದಿತು. ಜಪಾನೀ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಷ್ಟವೆನಿಸುವುದರಲ್ಲಿ ಪದಗಳ ಅನುಕ್ರಮವೂ ಒಂದು. ಅವರ ನುಡಿಯಲ್ಲಿ ಕನ್ನಡದಂತೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. 'ನಾನು ನೀರು ಕುಡಿಯುತ್ತೇನೆ' ಎಂಬುದನ್ನು ಅದೇ ಕ್ರಮದಲ್ಲಿ ಜಪಾನಿಯಲ್ಲಿ ಹೇಳಬಹುದು. ಇಂಗ್ಲಿಷಿನಲ್ಲಿ ಮಾತ್ರ 'ಕುಡಿಯುತ್ತೇನೆ' ಎಂಬುದು ನೀರಿಗಿಂತ ಮುಂದೆ ಬರಬೇಕು. ನಾವು 'ತಿಂದು ನೋಡು' ಎನ್ನುವಂತೆ ಅವರು 'ತಬೆತೆ ಮಿತೆ' ಎನ್ನುತ್ತಾರೆ. ಅಲ್ಲಿಯೂ ತಿನ್ನುವುದರ ಜೊತೆಗೆ ಬರುವುದು ನೋಡುವ ಕ್ರಿಯೆಯೇ!

ಇದನ್ನು ಮಗಳಿಗೆ ತೋರಿಸಿಕೊಟ್ಟೆವು. ಅವಳಿಗದು ಆಟವಾಯಿತು. ಶಾಲೆಯಲ್ಲಿ ಕೇಳಿದ ಒಂದೊಂದು ಮಾತನ್ನೂ ಊಟದ ಹೊತ್ತಿಗೆ ಮನೆಗೆ ತಂದು, ಪದಕ್ಕೆ ಪದವಿಟ್ಟು ಕನ್ನಡವಾಗಿಸತೊಡಗಿದಳು. ಊರಿನಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿಕೊಂಡು, ಒಂದು ತುತ್ತನ್ನು ಫೋನಿನ ಪರದೆಗೆ ಹಿಡಿದು, "ತಿಂದು ನೋಡಜ್ಜಿ" ಎಂದ ದಿನ ಅವ್ವ ನನ್ನನ್ನು ಏನನ್ನೂ ಕೇಳಲಿಲ್ಲ. ನಗುತ್ತಾ ಬಾಯಿ ತೆರೆದಳು.

ಮಗಳಿಗೆ ಕನ್ನಡ ಓದಲು ಇನ್ನೂ ಸರಾಗವಾಗಿ ಬರುವುದಿಲ್ಲ. ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳಲ್ಲಿ ಹಳಗನ್ನಡದ ಅಕ್ಷರಗಳನ್ನು ಕಲ್ಲು ಶತಮಾನಗಳಿಂದ ಕಾಯ್ದುಕೊಂಡು ಬಂದಿದೆ. ಮಕ್ಕಳ ನಾಲಿಗೆಯಾದರೋ ದಿನವೂ ಬಳಸಿದ್ದನ್ನು ಮಾತ್ರ ಕಾಯುತ್ತದೆ. ಆದುದರಿಂದ ಓದುಗರೇ, ನಿಮ್ಮ ಮಕ್ಕಳು ದೂರದ ನಾಡಿನಲ್ಲಿದ್ದರೆ, ಅಲ್ಲಿನ ಭಾಷೆಯನ್ನು ಮನೆಮಾತಿನ ವೈರಿಯೆಂದು ಬಗೆಯಬೇಡಿರಿ. ಮೊಮ್ಮಕ್ಕಳು ಅಲ್ಲಿ ಕಲಿತ ಒಂದು ಮಾತನ್ನು ಕೇಳಿ ತಿಳಿಯಿರಿ, ಅದಕ್ಕೆ ನಿಮ್ಮದೊಂದು ಮಾತನ್ನು ಜೋಡಿಸಿ ಕೊಡಿರಿ. ಅದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು.