ಯಂತ್ರಕ್ಕೊಂದು ಪಾಠ

ಮೊಸರನ್ನು ಕಡೆಯುವುದಕ್ಕೂ ಕಂಬವನ್ನು ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಬಳಕೆಯಲ್ಲಿದೆ. ಬೇಲೂರಿನ ದೇವಾಲಯದ ಒಳಗೆ ನಿಂತು ಅಲ್ಲಿಯ ಕಂಬಗಳ ದುಂಡನೆಯ ಉಂಗುರಗಳನ್ನು ನೋಡಿದವರಿಗೆ, ಶಿಲೆಯನ್ನು ತಿರುಗಿಸಿಯೇ ಕಡೆದಿರಬೇಕೆಂದು ತೋರದೆ ಇರದು. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಗರಗರನೆ ತಿರುಗಿಸಿ, ಉಳಿಯಿಂದ ರೂಪ ಕೊಟ್ಟು, ಅದರ ಮೈಗೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಬೊಂಬೆಯು ಬಣ್ಣ ತಳೆಯುತ್ತದೆ. ವಸ್ತು ತಿರುಗಬೇಕು, ಉಳಿ ಅದನ್ನು ಮುಟ್ಟಬೇಕು: ಈ ಪುರಾತನ ವಿದ್ಯೆಯ ಇಂದಿನ ರೂಪವೇ ಲೋಹವನ್ನು ಕಡೆಯುವ ಲೇತ್ ಯಂತ್ರ.

ಲೇತಿನಲ್ಲಿ ಲೋಹದ ಸರಳನ್ನು ಚಕ್ ಎಂಬ ಹಿಡಿಯು ಬಿಗಿಯಾಗಿ ಕಚ್ಚಿ ತಿರುಗಿಸುತ್ತದೆ. ಉಳಿಗೆ ಎರಡೇ ದಾರಿಗಳು. ಒಂದು, ಸರಳಿನ ಉದ್ದಕ್ಕೂ ಸರಿಯುವುದು. ಇನ್ನೊಂದು, ಸರಳಿನ ಕೇಂದ್ರದತ್ತ ಒಳಹೋಗುವುದು ಅಥವಾ ಹೊರಬರುವುದು. ಒಂದೊಂದು ದಾರಿಗೂ ಒಂದೊಂದು ಕೈಚಕ್ರವಿದೆ. ಟರ್ನರನ ಎರಡು ಕೈಗಳು ಈ ಎರಡು ಚಕ್ರಗಳ ಮೇಲಿರುತ್ತವೆ. ಕಣ್ಣು ಉಳಿಯ ತುದಿಯ ಮೇಲಿರುತ್ತದೆ. ಕಿವಿ ಲೋಹದ ದನಿಯನ್ನು ಆಲಿಸುತ್ತಿರುತ್ತದೆ. ಈ ಮೂರರ ಹೊಂದಾಣಿಕೆಯನ್ನೇ ಕಸುಬು ಎಂದು ಕರೆಯುತ್ತಾರೆ.

ಈ ಕಸುಬನ್ನು ಕೈಯಿಂದ ಯಂತ್ರಕ್ಕೆ ದಾಟಿಸುವ ಯತ್ನವು ಹೊಸದೇನೂ ಅಲ್ಲ. ಮೊದಲಿಗೆ ಟರ್ನರನು ಉಳಿಯನ್ನು ಕೈಯಲ್ಲಿಯೇ ಹಿಡಿದು ಲೋಹಕ್ಕೆ ಒತ್ತಬೇಕಾಗಿತ್ತು. ಸುಮಾರು 1800ರ ವೇಳೆಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆಯು ಉಳಿಯನ್ನು ಗಟ್ಟಿಯಾದ ಜಾರುಪೀಠದ ಮೇಲೆ ಕೂರಿಸಿ, ಅದನ್ನು ಉದ್ದನೆಯ ತಿರುಪಿನಿಂದ ನಡೆಸುವ ಲೇತನ್ನು ರೂಪಿಸಿದನು. ಕೈಯ ನಡುಕವು ಕೆಲಸದಿಂದ ದೂರವಾಯಿತು. ಒಂದೂವರೆ ಶತಮಾನದ ಅನಂತರ, ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಗಳನ್ನು ಅಂಕಿಗಳಿಂದಲೇ ನಿರ್ದೇಶಿಸುವ ಉಪಾಯವನ್ನು ಹೂಡಿದನು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅದನ್ನು ಮುಂದುವರಿಸಿ, ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯ ಆಜ್ಞೆಯಂತೆ ನಡೆಯುವ ಯಂತ್ರವನ್ನು 1952ರಲ್ಲಿ ಜನರ ಮುಂದೆ ಪ್ರದರ್ಶಿಸಿದರು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಸ್ಥಾಪನೆಗೊಂಡಿತು. ಅದು ಮೊದಲು ತಯಾರಿಸಿದ ಯಂತ್ರವೇ ಲೇತು.

ಕಾರ್ಖಾನೆಯ ಈ ಯಂತ್ರವು ಮನೆಯೊಳಗೆ ಬಂದದ್ದು ಹವ್ಯಾಸಿಗಳ ಮೂಲಕ. ಪುಟ್ಟ ಉಗಿಯಂತ್ರಗಳನ್ನೂ ಗಡಿಯಾರಗಳನ್ನೂ ಬಿಡುವಿನ ವೇಳೆಯಲ್ಲಿ ತಯಾರಿಸುವ ಜನರು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇದ್ದಾರೆ. ಅವರಿಗಾಗಿಯೇ 1898ರಲ್ಲಿ ಲಂಡನ್ನಿನಲ್ಲಿ ಪತ್ರಿಕೆಯೊಂದು ಆರಂಭವಾಯಿತು. ಮೇಜಿನ ಮೇಲೆ ಹಿಡಿಸುವಂತಹ ಲೇತುಗಳು ಇಂದು ಅನೇಕ ದೇಶಗಳ ಹವ್ಯಾಸಿಗಳ ಮನೆಗಳಲ್ಲಿವೆ. ಅಂತಹವರಲ್ಲಿ ಕೆಲವರು ತಮ್ಮ ಕೈಚಕ್ರದ ಲೇತನ್ನು ತಾವೇ ಗಣಕಯಂತ್ರದ ಅಂಕೆಗೆ ಒಳಪಡಿಸಲು ತೊಡಗುತ್ತಾರೆ.

ನೇರವಾದ ಸರಳನ್ನು ಕಡೆಯುವುದರಲ್ಲಿ ನುರಿತ ಕೈಯು ಗಣಕಕ್ಕೆ ಸೋಲುವುದಿಲ್ಲ. ಆದರೆ ಚದುರಂಗದ ಪದಾತಿಯ ದುಂಡು ತಲೆಯನ್ನು ಹಿತ್ತಾಳೆಯಲ್ಲಿ ಕಡೆಯಬೇಕಾದರೆ ಎರಡು ಚಕ್ರಗಳನ್ನೂ ಏಕಕಾಲಕ್ಕೆ ತಿರುಗಿಸಬೇಕು; ಅಷ್ಟೇ ಅಲ್ಲ, ಗೋಲದ ಮೈಯನ್ನು ಅನುಸರಿಸಿ ಒಂದರ ವೇಗವು ಕ್ಷಣಕ್ಷಣಕ್ಕೂ ಹೆಚ್ಚಬೇಕು, ಮತ್ತೊಂದರದು ಕುಗ್ಗಬೇಕು. ಮನುಷ್ಯನ ಕೈಗಳಿಗೆ ಇದು ಬಲು ದುಸ್ತರ. ಗಣಕಕ್ಕಾದರೋ ಸುಲಭದ ಲೆಕ್ಕ. ಈ ಆಸೆಯೇ ಹವ್ಯಾಸಿಯನ್ನು ಕೆಲಸಕ್ಕೆ ಹಚ್ಚುತ್ತದೆ.

ಕೆಲಸದ ಹೊರರೂಪವು ಸರಳವಾಗಿಯೇ ಕಾಣುತ್ತದೆ. ಎರಡು ಕೈಚಕ್ರಗಳನ್ನು ಕಳಚಿ ಅವುಗಳ ಸ್ಥಾನದಲ್ಲಿ ಎರಡು ಸ್ಟೆಪ್ಪರ್ ಮೋಟಾರುಗಳನ್ನು ಜೋಡಿಸಬೇಕು. ಈ ಮೋಟಾರು ಸಾಮಾನ್ಯ ಮೋಟಾರಿನಂತೆ ಸುಮ್ಮನೆ ತಿರುಗುವುದಿಲ್ಲ. ಒಂದೊಂದು ವಿದ್ಯುತ್ ಸಂಕೇತಕ್ಕೂ ಒಂದೊಂದು ಹೆಜ್ಜೆಯನ್ನಿಡುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆಗಳು. ತಿರುಪಿನ ಒಂದು ಸುತ್ತಿಗೆ ಉಳಿಯು 5 ಮಿಲಿಮೀಟರ್ ಸರಿಯುವಂತಿದ್ದರೆ ಒಂದು ಹೆಜ್ಜೆಗೆ 0.025 ಮಿಲಿಮೀಟರ್ ಸರಿಯುತ್ತದೆ. ತಲೆಗೂದಲಿನ ದಪ್ಪವು ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ಇರುತ್ತದೆ. ಆಜ್ಞೆ ನೀಡುವ ಗಣಕವು ಹಳೆಯದಾದರೂ ಸಾಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಸಿದ್ಧವಾದ ನಿಯಂತ್ರಣ ಕ್ರಮವಿಧಿಯೊಂದು ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ.

ನಿಜವಾದ ತೊಡಕು ಕಾಣಿಸಿಕೊಳ್ಳುವುದು ಯಂತ್ರವು ಮೊದಲ ಬಾರಿಗೆ ತಾನಾಗಿ ಚಲಿಸಿದಾಗ. ಕೈಯಿಂದ ನಡೆಸುವಾಗ ಕೂದಲೆಳೆಯಷ್ಟೂ ತಪ್ಪದೆ ಕೆಲಸ ಮಾಡಿದ ಲೇತು, ಗಣಕದ ಆಜ್ಞೆಯಲ್ಲಿ ಅಳತೆ ತಪ್ಪಿದ ವಸ್ತುವನ್ನು ಕಡೆದಿಡುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಮೋಟಾರಿನಲ್ಲಿ ದೋಷವಿಲ್ಲ. ಹಾಗಾದರೆ ತಪ್ಪು ಎಲ್ಲಿಯದು?

ತಪ್ಪು ಮೊದಲಿನಿಂದಲೂ ಯಂತ್ರದಲ್ಲಿಯೇ ಇತ್ತು. ತಿರುಪಿಗೂ ಅದರ ಮೇಲೆ ಸರಿಯುವ ನಟ್ಟಿಗೂ ನಡುವೆ ಅಲ್ಪ ಸಡಿಲಿರುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ತಿರುಪನ್ನು ಹಿಂದಕ್ಕೆ ತಿರುಗಿಸಿದಾಗ ಆ ಸಡಿಲು ಮುಗಿಯುವವರೆಗೆ ಉಳಿಯು ಕದಲದು. ಸಡಿಲು 0.2 ಮಿಲಿಮೀಟರ್ ಇದ್ದರೆ ಉಳಿಯ ಸ್ಥಾನದಲ್ಲಿ ಅಷ್ಟು ವ್ಯತ್ಯಾಸ. ಸರಳಿನ ವ್ಯಾಸದಲ್ಲಿ ಅದರ ಎರಡರಷ್ಟು, ಅಂದರೆ 0.4 ಮಿಲಿಮೀಟರ್. ಟರ್ನರನಿಗೆ ಇದು ತಿಳಿದ ಸಂಗತಿ. ಅವನು ಚಕ್ರವನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಒಯ್ದು, ಪ್ರತಿ ಸಲವೂ ಒಂದೇ ದಿಕ್ಕಿನಿಂದ ಅಳತೆಗೆ ಬರುತ್ತಾನೆ. ಹೀಗೆ ಮಾಡುತ್ತಿದ್ದೇನೆಂಬ ಎಚ್ಚರವೂ ಅವನಿಗೆ ಎಷ್ಟೋ ವೇಳೆ ಇರುವುದಿಲ್ಲ. ಯಂತ್ರದ ಕುಂದನ್ನು ಕೈಯು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ಕೈಯನ್ನು ತೆಗೆದೊಡನೆ ಕುಂದು ಬಯಲಾಯಿತು.

ಆದುದರಿಂದ ಯಂತ್ರಕ್ಕೆ ಪಾಠ ಹೇಳಹೊರಟವನು ಮೊದಲು ತನ್ನ ಕೈಯನ್ನು ಕೇಳಬೇಕಾಗುತ್ತದೆ. ಜಾರುಪೀಠವು ಎಲ್ಲಿ ಬಿಗಿ, ಎಲ್ಲಿ ಸಡಿಲು? ಯಾವ ಲೋಹಕ್ಕೆ ಎಷ್ಟು ಆಳದ ಕಡಿತ? ಕೈಗೆ ತಿಳಿದಿದ್ದು ಬಾಯಿಗೆ ಬಾರದಿದ್ದ ಇಂತಹ ನೂರು ಸಂಗತಿಗಳನ್ನು ಅವನು ಅಳೆದು, ಅಂಕಿಗಳಾಗಿ ಬರೆಯಬೇಕು. ಹಳೆಯ ತಿರುಪಿನ ಬದಲು, ಪುಟ್ಟ ಉಕ್ಕಿನ ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂವನ್ನು ಅಳವಡಿಸಿದರೆ ಸಡಿಲು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಉಳಿದಷ್ಟನ್ನು ಗಣಕದ ಲೆಕ್ಕದಲ್ಲಿ ಸೇರಿಸಬಹುದು. ತಿರುಪಿನ ಎಳೆಗಳನ್ನು ಕೊರೆಯಬೇಕಾದರೆ ಇನ್ನೊಂದು ಏರ್ಪಾಡು ಬೇಕು. ಒಂದೇ ಎಳೆಯನ್ನು ಹಲವು ಸಲ ಸ್ವಲ್ಪಸ್ವಲ್ಪವಾಗಿ ಆಳಗೊಳಿಸುವಾಗ ಉಳಿಯು ಪ್ರತಿ ಸಲವೂ ಅದೇ ಬಿಂದುವಿನಿಂದ ಹೊರಡಬೇಕು. ಕೈಚಾಲಿತ ಲೇತಿನಲ್ಲಿ ಹಲ್ಲಿನ ಚಕ್ರಗಳ ಸಾಲು ಈ ಹೊಂದಾಣಿಕೆಯನ್ನು ಕಾಯುತ್ತಿತ್ತು. ಈಗ ಸ್ಪಿಂಡಲ್ಲಿಗೆ ಎನ್‌ಕೋಡರ್ ಎಂಬ ಸೂಚಕವನ್ನು ಜೋಡಿಸಿ, ಸರಳು ಎಷ್ಟು ತಿರುಗಿತೆಂಬುದನ್ನು ಗಣಕಕ್ಕೆ ತಿಳಿಸುತ್ತಿರಬೇಕು.

ಇಷ್ಟೆಲ್ಲವನ್ನೂ ಕಲಿತರೂ ಯಂತ್ರವು ಕುರುಡಾಗಿಯೇ ಉಳಿಯುತ್ತದೆ. ಉಳಿಯು ಮೊಂಡಾದಾಗ ಲೋಹದ ದನಿಯು ಕರ್ಕಶವಾಗುತ್ತದೆ. ಗಣಕಕ್ಕೆ ಅದು ಕೇಳಿಸದು. ಉಕ್ಕಿನ ಸಿಬಿರು ಬಿಸಿಯಿಂದ ನೀಲಿಗಟ್ಟಿದರೂ ಅದು ಕಾಣದು. ಕಡಿತವು ಅತಿಯಾಗಿ ಮೋಟಾರು ನಾಲ್ಕು ಹೆಜ್ಜೆ ತಪ್ಪಿದರೆ, ತಾನು ಹೇಳಿದಷ್ಟೂ ನಡೆದಿದೆಯೆಂದೇ ಗಣಕವು ನಂಬಿ ಮುಂದುವರಿಯುತ್ತದೆ. ಚಕ್ಕನ್ನು ಬಿಗಿಯುವ ಕೀಲಿಯನ್ನು ಮರೆತು ಅಲ್ಲಿಯೇ ಬಿಟ್ಟಿದ್ದರೂ ಆಜ್ಞೆ ಬಂದೊಡನೆ ಚಕ್ಕು ತಿರುಗತೊಡಗುತ್ತದೆ. ಆ ಕೀಲಿಯು ಬಾಣದಂತೆ ಸಿಡಿದು ಪ್ರಾಣಕ್ಕೇ ಎರವಾಗಬಲ್ಲದು. ಆದಕಾರಣ ವಿವೇಕಿಯಾದ ಹವ್ಯಾಸಿಯು ಎಲ್ಲಕ್ಕಿಂತ ಮೊದಲು, ಒತ್ತಿದೊಡನೆ ಸಕಲವನ್ನೂ ನಿಲ್ಲಿಸುವ ಕೆಂಪು ಗುಂಡಿಯನ್ನು ಕೈಗೆಟಕುವಲ್ಲಿ ಅಳವಡಿಸುತ್ತಾನೆ. ಮೊದಲ ಸಲ ಲೋಹವಿಲ್ಲದೆ ಬರಿಗಾಳಿಯಲ್ಲಿ ಉಳಿಯನ್ನು ನಡೆಸಿ ನೋಡುತ್ತಾನೆ. ಅನಂತರವೂ ಕೆಲಸ ಮುಗಿಯುವವರೆಗೆ ಯಂತ್ರದ ಬಳಿಯನ್ನು ಬಿಟ್ಟು ಕದಲುವುದಿಲ್ಲ.

ಕೊನೆಗೊಂದು ದಿನ ಹಿತ್ತಾಳೆಯ ತುಂಡೊಂದು ಚಕ್ಕಿನಲ್ಲಿ ತಿರುಗುತ್ತದೆ. ಎರಡು ಮೋಟಾರುಗಳು ಒಂದು ಏರುದನಿಯಲ್ಲಿ, ಮತ್ತೊಂದು ಇಳಿದನಿಯಲ್ಲಿ ಗುನುಗುತ್ತವೆ. ಉಳಿಯು ಬಾಗುತ್ತ ಸಾಗಿದಂತೆ ಬಂಗಾರದ ಬಣ್ಣದ ಪುಟ್ಟ ಗೋಲವೊಂದು ಲೋಹದೊಳಗಿನಿಂದ ಹೊರಹೊಮ್ಮುತ್ತದೆ. ಯಾವ ಚಕ್ರವನ್ನೂ ಮುಟ್ಟದೆ ಹವ್ಯಾಸಿಯು ಅದನ್ನು ನೋಡುತ್ತ ನಿಂತಿರುತ್ತಾನೆ. ಅವನ ಕೈಗಳು ಬರಿದಾಗಿದ್ದರೂ, ಆ ಗೋಲದ ನುಣುಪಿನಲ್ಲಿ ಅವುಗಳ ಅರಿವು ಸೇರಿರುತ್ತದೆ. ತಿರುಪಿನ ಸಡಿಲನ್ನು ಅಳೆದವನು ಅವನು. ಕಡಿತದ ಆಳವನ್ನು ಗೊತ್ತುಮಾಡಿದವನು ಅವನು. ದನಿ ಬದಲಾದರೆ ಗುಂಡಿಯನ್ನು ಒತ್ತಲು ಕಾದಿರುವವನೂ ಅವನೇ. ತನಗೆ ತಿಳಿದುದನ್ನು ಮತ್ತೊಬ್ಬರಿಗೆ ಕಲಿಸಿದಾಗಲೇ ಅದು ತನಗೂ ಪೂರ್ಣವಾಗಿ ತಿಳಿಯುತ್ತದೆಂದು ಹಿರಿಯರು ಹೇಳುವುದುಂಟು. ಕಲಿಯುವುದು ಯಂತ್ರವೇ ಆಗಿದ್ದರೂ ಈ ಮಾತು ಸುಳ್ಳಾಗುವುದಿಲ್ಲ.