ಫೋರ್ಕ್ ಪೈಪಿನ ಮೇಲೊಂದು ಗೀರು

ತಾಳವಾಡಿ ಬೆಟ್ಟದ ಮೇಲಿನ ಕನ್ನಡ ಶಾಲೆಗಳಿಗೆ ಓಡಾಡುವ ನಮ್ಮಂಥ ಮೇಷ್ಟ್ರುಗಳಿಗೆ ಎತ್ತರದ ಆಫ್‌ರೋಡ್ ಬೈಕು ಶೋಕಿಯಲ್ಲ, ಅಗತ್ಯ. ದಾರಿ ಅಂಥದ್ದು. ನಾವಿಬ್ಬರು ಮೇಷ್ಟ್ರು ಸೇರಿ ಒಂದು ಹಳೇ ಬೈಕು ಇಟ್ಟುಕೊಂಡಿದ್ದೇವೆ. ಅದರ ಬಲಗಡೆಯ ಮುಂದಿನ ಫೋರ್ಕಿಗೆ ಒಮ್ಮೆ ಜಲ್ಲಿಕಲ್ಲು ಸಿಡಿದು ಹೊಡೆಯಿತು. ಆಗ ಏನೂ ಕಾಣಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೊಳೆಯುವ ಪೈಪಿನ ಸುತ್ತ ಎಣ್ಣೆಯ ಉಂಗುರ!

ಫೋರ್ಕಿನ ಕೆಲಸ ಸರಳ. ಕ್ರೋಮ್ ಹಚ್ಚಿದ ಒಳಪೈಪು ಕೆಳಗಿನ ಹೊರಕೊಳವೆಯೊಳಗೆ ಜಾರುತ್ತದೆ. ಒಳಗೆ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಎರಡೂ ಕೂಡುವ ಜಾಗದಲ್ಲಿ ಒಂದು ರಬ್ಬರಿನ ಆಯಿಲ್ ಸೀಲ್. ಪೈಪಿನ ಮೇಲೆ ಗೀರು ಬಿದ್ದರೆ ಅದರ ಎದ್ದ ಅಂಚು ಪ್ರತಿ ಗುಂಡಿಗೂ ಸೀಲಿನ ತುಟಿಯನ್ನು ಕೊಯ್ಯುತ್ತದೆ. ಸೋರಿದ ಎಣ್ಣೆ ಬ್ರೇಕಿನ ಡಿಸ್ಕಿಗೆ ತಲುಪಿದರೆ ಬ್ರೇಕು ಹಿಡಿಯದು. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮುಂದೆ ಹೇಳಬೇಕಾಗಿಲ್ಲ ತಾನೇ?

ಹತ್ತಿರದ ಪಟ್ಟಣದ ಒಂದು ಗ್ಯಾರೇಜಿನಲ್ಲಿ ಹೊಸ ಸೀಲ್ ಹಾಕಿಕೊಟ್ಟರು. ಹದಿನೈದೇ ದಿನದಲ್ಲಿ ಮತ್ತೆ ಸೋರಿತು. ಗೀರು ಹಾಗೇ ಇದ್ದ ಮೇಲೆ ಎಷ್ಟು ಸೀಲ್ ಹಾಕಿದರೂ ಅಷ್ಟೇ. ಪೈಪುಗಳನ್ನೇ ಬದಲಿಸಿ ಅಂದರು. ಬೆಲೆ ಕೇಳಿ ಸುಮ್ಮನೆ ಬಂದೆವು.

ಒಂದು ಶನಿವಾರ ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿ ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋದೆವು. ಬಿಚ್ಚಿದ ಫೋರ್ಕುಗಳು ಗೋಣಿಚೀಲದಲ್ಲಿದ್ದವು. ಪಂಪ್‌ಸೆಟ್ಟಿನ ಊರು ಅದು; ಲೇತು, ಗ್ರೈಂಡಿಂಗು, ಕ್ರೋಮ್ ಲೇಪನ ಎಲ್ಲವೂ ಅಲ್ಲಿ ಸಿಗುತ್ತದೆ. ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇರುವುದರಿಂದ ರೇಸಿನ ಗಾಡಿಗಳ ಮೇಲೆ ಕೈಪಳಗಿದ ಮೆಕ್ಯಾನಿಕ್‌ಗಳೂ ಇದ್ದಾರೆ. ನಮಗೆ ಸಿಕ್ಕ ಅಣ್ಣ ದೇವಾಂಗ ನೇಕಾರರ ಮನೆಯವರು. ಮನೆಮಾತು ಕನ್ನಡ, ಓದುಬರಹ ತಮಿಳು. ನಾವು ಕನ್ನಡ ಮೇಷ್ಟ್ರು ಅಂತ ತಿಳಿದದ್ದೇ ತಡ, ಸ್ಟೂಲು ಎಳೆದು ಕೂರಿಸಿದರು.

“ಕಣ್ಣಿಗೆ ಕಾಣೋದು ಬಿಡಿ ವಾಧ್ಯಾರೇ, ಉಗುರು ಇಟ್ಟು ನೋಡಿ” ಅಂದರು. ಕಣ್ಣಿಗೆ ದೊಡ್ಡದಾಗಿ ಕಂಡ ಒಂದು ಗೆರೆ ಉಗುರಿಗೆ ಸಿಗಲೇ ಇಲ್ಲ. ಕಾಣದಿದ್ದ ಒಂದು ಚುಕ್ಕಿ ಟಕ್ ಅಂತ ಸಿಕ್ಕಿತು. ಅದೇ ಕಳ್ಳ.

ಅವರು ಮಾಡಿದ್ದು ಇಷ್ಟು. ಮೊದಲು ಪೈಪು ಬಾಗಿದೆಯೇ ಅಂತ ಉರುಳಿಸಿ ನೋಡಿದರು. ಸಣ್ಣ ಆಯಿಲ್ ಕಲ್ಲಿನಿಂದ ಎದ್ದ ಅಂಚನ್ನು ಮಾತ್ರ ಹಗುರಾಗಿ ತೆಗೆದರು. ಆಮೇಲೆ ಎಣ್ಣೆ ಹಚ್ಚಿದ ವಾಟರ್ ಪೇಪರ್, ಮೊದಲು 1000, ನಂತರ 2000 ನಂಬರಿನದು. ಉಜ್ಜಿದ್ದು ಪೈಪಿನ ಸುತ್ತ, ಉದ್ದಕ್ಕಲ್ಲ. ಉದ್ದುದ್ದ ಗೆರೆ ಬಿದ್ದರೆ ಎಣ್ಣೆಗೆ ಅದೇ ಕಾಲುವೆ. ಉಳಿದ ಪುಟ್ಟ ಗುಳಿಯನ್ನು ತಿನ್ನರಿನಿಂದ ಒರೆಸಿ ಅರಾಲ್ಡೈಟ್ ತುಂಬಿ ಒಂದು ದಿನ ಬಿಟ್ಟರು. ಮರುದಿನ ಮತ್ತೆ 2000ರ ಪೇಪರಿನಲ್ಲಿ ಸಮ ಮಾಡಿದರು. ಕೊನೆಗೆ ತಿರುಪ್ಪೂರಿನ ಬನಿಯನ್ ವೇಸ್ಟ್ ತುಂಡಿನಿಂದ ಪೈಪು ಪೂರ್ತಿ ಸವರಿದರು. ಎಲ್ಲಾದರೂ ನೂಲಿನ ಎಳೆ ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಚೂಪು ಇದೆ ಅಂತ ಅರ್ಥ. ಎಳೆ ಸಿಕ್ಕಲಿಲ್ಲ.

ಹೊಸ ಸೀಲ್ ಏರಿಸುವಾಗ ಪೈಪಿನ ತುದಿಗೆ ಎಣ್ಣೆ ಸವರಿದ ಪ್ಲಾಸ್ಟಿಕ್ ಕವರ್ ಹೊದಿಸಿದರು, ತುಟಿ ಹರಿಯದಿರಲೆಂದು. ಎರಡೂ ಫೋರ್ಕಿಗೆ ಹೊಸ ಎಣ್ಣೆ, ಸಮಸಮ ಅಳತೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಮಾತ್ರ ಎಸೆಯಲೇಬೇಕು ಅಂದರು.

ಕ್ರೋಮ್ ಸಿಪ್ಪೆ ಎದ್ದಿದ್ದರೆ, ತುಕ್ಕು ಹೊಕ್ಕಿದ್ದರೆ ಈ ವಿದ್ಯೆ ನಡೆಯದು. ಆಗ ಹಳೇ ಲೇಪ ತೆಗೆದು, ಗ್ರೈಂಡ್ ಮಾಡಿ, ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಹೊಸ ಲೇಪ ಕೂರಿಸಬೇಕು. ನಾವು ತರಗತಿಯಲ್ಲಿ ಹೇಳುವ ವಿದ್ಯುಲ್ಲೇಪನ ಇದೇ. ಪೈಪು ಕ್ಯಾಥೋಡ್, ಸೀಸದ ತಗಡು ಆನೋಡ್. ಆ ತೊಟ್ಟಿಯ ನೀರಿನಲ್ಲಿರುವ ಷಡ್‌ವೇಲೆನ್ಸಿಯ ಕ್ರೋಮಿಯಂ ಮಾತ್ರ ಕಡುವಿಷ. ಕೊಯಮತ್ತೂರು, ತಿರುಪ್ಪೂರು ಎರಡನ್ನೂ ಹಾದುಹೋಗುವ ನೊಯ್ಯಲ್ ಹೊಳೆ ಬಣ್ಣದ ಕಾರ್ಖಾನೆಗಳ ನೀರಿನಿಂದಲೇ ಎಷ್ಟು ಕೆಟ್ಟಿತ್ತೆಂದರೆ, 2011ರಲ್ಲಿ ಮದರಾಸು ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಬೇಕಾಯಿತು. ಉಗುರಿನಷ್ಟು ಗೀರಿಗೆ ಒಂದು ತೊಟ್ಟಿ ವಿಷ ಬೇಡ. ಉಜ್ಜಿ ಸರಿಹೋಗುವುದನ್ನು ಉಜ್ಜಿಯೇ ಸರಿಮಾಡುವುದು ಜಿಪುಣತನವಲ್ಲ.

ಸೋಮವಾರ ಆ ಹಳೇ ಸೀಲು, ವಾಟರ್ ಪೇಪರು ಎರಡನ್ನೂ ತರಗತಿಗೆ ಒಯ್ದೆವು. ಕ್ರೋಮಿಯಂನ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 8.5. ಹಾಗಾದರೆ ಈ ಕಾಗದ ಅದನ್ನು ಹೇಗೆ ಉಜ್ಜಿತು? ಅಂತ ಕೇಳಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ಪರೀಕ್ಷೆಯಲ್ಲಿ ಬಾಯಿ ಬಿಡದವನು, “ಪೇಪರಿನ ಮರಳು ಅದಕ್ಕಿಂತ ಗಟ್ಟಿ ಇರ್ಬೇಕು ಸಾರ್” ಅಂದ. ಹೌದು, ಅದು ಸಿಲಿಕಾನ್ ಕಾರ್ಬೈಡ್, ಒಂಬತ್ತಕ್ಕೂ ಮೇಲೆ.

ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ನಾಳೆ ಕೊಯಮತ್ತೂರಿನ ಲೇತು, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವರು. ಕನ್ನಡದಲ್ಲಿ ಓದಿದ್ದು ಅಲ್ಲಿ ಕೆಲಸಕ್ಕೆ ಬಾರದು ಅಂತ ಅವರ ಅಪ್ಪ ಅಮ್ಮಂದಿರೇ ನಮ್ಮ ಹತ್ತಿರ ಹೇಳುತ್ತಾರೆ. ಲಿಪಿ ಬಾರದ ಆ ಅಣ್ಣನ ಕೈಯಲ್ಲಿ ನಮ್ಮ ಪುಸ್ತಕದ ಗಡಸುತನ, ಘರ್ಷಣೆ, ಲೇಪನ ಮೂರೂ ಇದ್ದವು. ಆ ಹುಡುಗನಿಗೆ ಮುಂದಿನ ಸಲ ನಮ್ಮ ಜೊತೆ ಬರುವೆಯಾ ಅಂತ ಕೇಳಿದ್ದೇವೆ. ನಿಮ್ಮ ಶಾಲೆಯ ಹತ್ತಿರವೂ ಒಂದು ಗ್ಯಾರೇಜು ಇದ್ದೇ ಇರುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ.